ಹತ್ತೊಂಬತ್ತನೇ ನಂಬರಿನ ಸರದಿ

ಬಾಯಿಬಿಟ್ಟು ಹೇಳಿದ ಸುಳ್ಳುಗಳು ನನ್ನ ಬದುಕಿನಲ್ಲಿ ಬೇಕಾದಷ್ಟಿವೆ, ಹೆಚ್ಚಿನವು ಮರೆತೇ ಹೋಗಿವೆ. ಮರೆಯಲಾಗದ್ದು ಬಾಯಿ ಬಿಡದೆ ಹೇಳಿದ ಒಂದು ಸುಳ್ಳು. ಅದು ಸೀಮೆಸುಣ್ಣದಲ್ಲಿ ಇಟ್ಟ ಒಂದು ಚುಕ್ಕೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪೀಣ್ಯದ ಕಾರ್ಖಾನೆಗಳು ಮುಗಿದು ರಾಗಿ ಹೊಲ ಶುರುವಾಗುವಲ್ಲಿ, ಬಾಗಲಗುಂಟೆಯಿಂದ ಚಿಕ್ಕಬಾಣಾವರದ ಕಡೆಗೆ ಹೋಗುವ ಮಣ್ಣುರಸ್ತೆಯ ಪಕ್ಕ, ಒಂದು ಮಠ ನಡೆಸುತ್ತಿದ್ದ ಹೆಣ್ಣುಮಕ್ಕಳ ಕಾಲೇಜಿತ್ತು. ನಾನಲ್ಲಿ ಕನ್ನಡ ಅಧ್ಯಾಪಕಿ. ಮದುವೆಯಾಗಿಲ್ಲ, ಒಬ್ಬಳೇ ಇದ್ದಾಳೆ ಎಂಬ ಕಾರಣಕ್ಕೆ ಹಾಸ್ಟೆಲಿನ ವಾರ್ಡನ್ ಕೆಲಸವನ್ನೂ ನನ್ನ ಕೊರಳಿಗೇ ಕಟ್ಟಿದ್ದರು. ವಯಸ್ಸು ಇಪ್ಪತ್ತಾರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಮಾಡುವ ಕಾಗದ ಕಾಲೇಜಿನ ಕಾರ್ಯದರ್ಶಿಗಳ ಮೇಜಿನ ಮೇಲೆ ಮೂರು ತಿಂಗಳಿಂದ ಕೂತಿತ್ತು, ಊರಿನಲ್ಲಿ ನನ್ನ ಇಬ್ಬರು ತಂಗಿಯರು ನನ್ನ ಸಂಬಳದ ಮೇಲೆ ಓದುತ್ತಿದ್ದರು. ಪಾಠದ ನಡುವೆ ಕಾರ್ಖಾನೆಯ ಸೈರನ್ ಕೂಗಿದರೆ ಅದು ನಿಲ್ಲುವ ತನಕ ಬಾಯಿ ಮುಚ್ಚಿಕೊಂಡು ನಿಲ್ಲಬೇಕಿತ್ತು. ನನ್ನ ಸ್ವಭಾವಕ್ಕೆ ಅದೇ ದೊಡ್ಡ ಶಿಕ್ಷೆ.

ಕಾಲೇಜು ಕಟ್ಟಿದ ಹಿರಿಯ ಸ್ವಾಮಿಗಳು ನಾನು ಸೇರುವ ಮೊದಲೇ ಲಿಂಗೈಕ್ಯರಾಗಿದ್ದರು. ಅವರು ಬಿಟ್ಟುಹೋದದ್ದು ಶೀಟಿನ ಮಾಡಿನ ಎಂಟು ಕೋಣೆ ಮತ್ತು ಒಂದು ನಿಯಮ. ಹಾಸ್ಟೆಲಿನಲ್ಲಿ ನಲವತ್ತೆರಡು ಹುಡುಗಿಯರು. ಸೇರಿದ ಕ್ರಮದಲ್ಲಿ ಒಬ್ಬೊಬ್ಬರಿಗೂ ಒಂದು ನಂಬರು. ದಿನಕ್ಕೊಬ್ಬರಂತೆ, ನಂಬರಿನ ಪ್ರಕಾರ, ಬೆಳಿಗ್ಗೆ ಪ್ರಾರ್ಥನಾ ಮಂದಿರದಲ್ಲಿ ದೀಪ ಹಚ್ಚಿ ವಚನ ಹಾಡಬೇಕು. ಮಧ್ಯಾಹ್ನ ದಾಸೋಹದ ಪಂಕ್ತಿಯಲ್ಲಿ ಮೊದಲನೇ ಎಲೆಗೆ ಅವಳೇ ಅನ್ನ ಬಡಿಸಬೇಕು. ಮೊದಲನೇ ಎಲೆಗೆ ಅನ್ನ ಬೀಳುವ ತನಕ ಯಾರೂ ತುತ್ತು ಎತ್ತುವ ಹಾಗಿಲ್ಲ, ಮಂತ್ರಿಯೇ ಬಂದು ಕೂತಿದ್ದರೂ. ಯಾವ ಜಾತಿ, ಯಾವ ಮನೆ ಎಂದು ಕೇಳುವುದಿಲ್ಲ, ನಂಬರು ಬಂದರೆ ಸರದಿ ಬಂತು. ಊಟದ ಮನೆಯ ಬಾಗಿಲಲ್ಲಿ ಒಂದು ಕರಿಹಲಗೆ, ಅದರ ಮೇಲೆ ಒಂದರಿಂದ ನಲವತ್ತೆರಡರ ತನಕ ಬಿಳಿ ಬಣ್ಣದಲ್ಲಿ ಬರೆಸಿದ ನಂಬರುಗಳು. ಇಂದಿನ ನಂಬರಿನ ಕೆಳಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು ವಾರ್ಡನ್ ಕೆಲಸ.

ಗೆರೆ ಸ್ವಾಮಿಗಳದ್ದು. ಚುಕ್ಕೆ ನಮ್ಮದು. ಹುಡುಗಿ ತಿಂಗಳ ಮುಟ್ಟಾದರೆ ತಾನೇ ಬಂದು ತನ್ನ ನಂಬರಿನ ಮುಂದೆ ಒಂದು ಚುಕ್ಕೆ ಇಡುತ್ತಿದ್ದಳು. ಸರದಿ ಮುಂದಿನವಳಿಗೆ ಹೋಗುತ್ತಿತ್ತು, ಚುಕ್ಕೆ ಇಟ್ಟವಳು ಮೂರು ದಿನ ಉಗ್ರಾಣದ ಪಕ್ಕದ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಇರಬೇಕಾಗಿತ್ತು. ಇದನ್ನು ಯಾವ ಸ್ವಾಮಿಯೂ ಹೇಳಿರಲಿಲ್ಲ. ಅಡುಗೆಯವಳು ಗೊಣಗಿದಳು, ಒಂದಿಬ್ಬರು ತಾಯಂದಿರು ಬಂದು ಪಿಸುಗುಟ್ಟಿದರು, ನನಗಿಂತ ಹಿಂದಿದ್ದ ವಾರ್ಡನ್ ಶುರುಮಾಡಿದಳು, ನಾನು ಮುಂದುವರಿಸಿದೆ. ಬೆಳಿಗ್ಗೆ ಹತ್ತು ಗಂಟೆಗೆ ನಾನು ಬಿ.ಎ. ಹುಡುಗಿಯರಿಗೆ ಶರಣರು ಸೂತಕವನ್ನು ಹೇಗೆ ಕಿತ್ತೆಸೆದರು ಎಂದು ಮೇಜು ಕುಟ್ಟಿ ಪಾಠ ಮಾಡುತ್ತಿದ್ದೆ. ಹನ್ನೆರಡಕ್ಕೆ ಬಂದು ಯಾರ ಮುಂದೆ ಚುಕ್ಕೆ ಇದೆ ಎಂದು ನೋಡುತ್ತಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ, ಹಾಗೆ. ಒಂದು ವಿಷಯದಲ್ಲಿ ಮಾತ್ರ ನಾವು ಕಟ್ಟುನಿಟ್ಟಾಗಿದ್ದೆವು: ಚುಕ್ಕೆಯನ್ನು ಹುಡುಗಿಯೇ ಇಡಬೇಕು, ಯಾರೂ ಅವಳನ್ನು ಏನೂ ಕೇಳಬಾರದು.

ಹತ್ತೊಂಬತ್ತನೇ ನಂಬರಿನವಳು ಬಿ.ಎಸ್ಸಿ. ಕೊನೆಯ ವರ್ಷದ ಹುಡುಗಿ, ಗಣಿತದವಳು. ಅರ್ಧ ಮಾರ್ಕು ಕಡಿಮೆಯಾದರೂ ಉತ್ತರಪತ್ರಿಕೆ ಹಿಡಿದುಕೊಂಡು ಬಂದು ನಿಲ್ಲುವ ಜಾತಿ. ಜಗಳ ಮಾಡುವುದಿಲ್ಲ, ಸಾಲು ತೋರಿಸಿ ಸುಮ್ಮನೆ ನಿಲ್ಲುತ್ತಾಳೆ, ಕೊಡದೆ ವಿಧಿಯಿಲ್ಲ. ಹೆಸರಘಟ್ಟದ ಕಡೆಯ ಒಂದು ಊರಿನ ಕೇರಿಯವಳು. ತಂದೆ ಒಂದು ಕಾಲಕ್ಕೆ ಆ ಊರಿನ ಪಟೇಲರ ಮನೆಯಲ್ಲಿ ಜೀತಕ್ಕಿದ್ದವನು, ತೀರಿಕೊಂಡಿದ್ದ. ತಾಯಿ ಪೀಣ್ಯದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಮೂರು ವರ್ಷದಲ್ಲಿ ಆ ಹುಡುಗಿಯ ಸರದಿ ಎಷ್ಟೋ ಸಲ ಬಂದು ಹೋಗಿತ್ತು, ಎಲೆಯಲ್ಲಿ ಉಂಡ ಯಾರೂ ಸತ್ತಿರಲಿಲ್ಲ.

ಆ ಮಂಗಳವಾರ ಅವಳು ನನ್ನ ಕೋಣೆಗೆ ಬಂದಳು.

"ಮೇಡಂ, ಗುರುವಾರ ನಮ್ಮವ್ವ ಬರ್ಬೋದಾ? ಬಾಗ್ಲ ಹತ್ರ ನಿಂತ್ಕೊಂಡು ನೋಡ್ತಾಳೆ ಅಷ್ಟೆ. ನಾನ್ ಬಡಿಸೋದು ಒಂದ್ಸಲಾನೂ ನೋಡಿಲ್ಲ ಅವಳು."

"ಗುರುವಾರ ಕಮಿಟಿ ಬರುತ್ತಲ್ಲೇ, ಗಲಾಟೆ ಇರುತ್ತೆ."

"ಗೊತ್ತು ಮೇಡಂ. ಆದ್ರೆ ಗುರುವಾರಾನೇ ನನ್ನ ನಂಬರ್ರು. ಇನ್ನು ನಲವತ್ತೆರಡು ದಿನ ಆಗೋವಷ್ಟರಲ್ಲಿ ಪರೀಕ್ಷೆ ಮುಗಿದು ನಾನು ಹೋಗ್ಬಿಟ್ಟಿರ್ತೀನಿ."

ಲೆಕ್ಕ ಸರಿಯಾಗಿತ್ತು. ಬರಲಿ ಅಂದೆ. ಅವಳು ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ. ಅವತ್ತು ನಕ್ಕಳು.

ಬುಧವಾರ ಮಧ್ಯಾಹ್ನ ಕಾರ್ಯದರ್ಶಿಗಳಿಂದ ಕರೆ ಬಂತು. ಅವರು ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಮಠದ ಸೇವೆಗೆಂದು ಬಂದವರು. ಸಂಬಳ ತೆಗೆದುಕೊಳ್ಳುತ್ತಿರಲಿಲ್ಲ, ಕಾಲೇಜಿನ ಜೀಪನ್ನು ಸ್ವಂತ ಕೆಲಸಕ್ಕೆ ಬಳಸುತ್ತಿರಲಿಲ್ಲ. ಅವರಿಗೆ ಇದ್ದದ್ದು ಒಂದೇ ಹಂಬಲ: ಈ ಶೀಟಿನ ಕಾಲೇಜು ದೊಡ್ಡದಾಗಬೇಕು, ಹೊಸ ಕೋರ್ಸು ಬರಬೇಕು, ಮುಂದೊಂದು ದಿನ ಮಠದ್ದೇ ಒಂದು ವಿಶ್ವವಿದ್ಯಾಲಯ ಆಗಬೇಕು. ಹೊಸ ಕೋರ್ಸುಗಳಿಗೆ ಮಾನ್ಯತೆ ಕೊಡಬಹುದೇ ಎಂದು ನೋಡಲು ವಿಶ್ವವಿದ್ಯಾಲಯದ ಕಮಿಟಿ ಮರುದಿನ ಬರುವುದಿತ್ತು. ಅದೇ ದಿನ ಪಟೇಲರೂ ಬರುವವರಿದ್ದರು. ಕಾಲೇಜು ನಿಂತಿದ್ದ ಜಾಗ ಅವರು ಕೊಟ್ಟದ್ದೇ. ಪಕ್ಕದ ಆರು ಎಕರೆಯನ್ನೂ ಕೊಡುತ್ತೇನೆಂದು ಪಂಕ್ತಿಯಲ್ಲಿ, ಕಮಿಟಿಯ ಎದುರಿಗೆ ಹೇಳುವುದೆಂದು ಮಾತಾಗಿತ್ತು. ಆ ಜಾಗವಿಲ್ಲದೆ ಮಾನ್ಯತೆ ಸಿಗುವ ಹಾಗಿರಲಿಲ್ಲ.

"ನಾಳೆ ಯಾರ ಸರದಿ ಮೇಡಂ?"

"ಹತ್ತೊಂಬತ್ತು, ಸಾರ್."

"ನಂಬರ್ ಬಿಡಿ. ಹುಡುಗಿ ಯಾರು?"

ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪಟೇಲ್ರ ಊರಿನವಳೇ ಅಲ್ವಾ?"

"ಹೌದು ಸಾರ್."

ಊರಿನ ಯಾವ ಕಡೆಯವಳು ಎಂದು ಅವರು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಇಬ್ಬರಿಗೂ ಗೊತ್ತಿತ್ತು.

"ನೋಡಿ, ನಿಯಮ ಬದಲಾಯಿಸಿ ಅಂತ ನಾನು ಹೇಳ್ತಾ ಇಲ್ಲ. ಆ ನಿಯಮ ತೋರಿಸೋದಕ್ಕೇ ಕಮಿಟಿಯವರನ್ನ ಊಟಕ್ಕೆ ಕರೆದಿರೋದು. ಆದ್ರೆ ಮೊದಲನೇ ಎಲೆ ಮುಂದೆ ಪಟೇಲ್ರು ಕೂತಿರ್ತಾರೆ. ಅವರು ಎಲೆ ಬಿಟ್ಟು ಎದ್ದುಬಿಟ್ರೆ ಏನ್ ಮಾಡೋಣ? ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು. ಹೆಣ್ಣುಮಕ್ಕಳ ಹಾಸ್ಟೆಲ್ಲು, ದಾರಿ ನಿಮಗೇ ಗೊತ್ತಿರುತ್ತೆ."

ಅಷ್ಟು ಹೇಳಿ, ಕಾಗದದ ರಾಶಿಯೊಳಗಿನಿಂದ ನನ್ನ ಕಾಗದವನ್ನು ಎಳೆದು ಮೇಲಕ್ಕಿಟ್ಟರು. ಬೆದರಿಕೆ ಹಾಕಿದರು ಅಂತ ಹೇಳಲಾರೆ. ಇಟ್ಟರು, ನಾನು ನೋಡಿದೆ.

ಆ ಹುಡುಗಿಯನ್ನೇ ಕರೆದು ಹೀಗಿದೆ ಪರಿಸ್ಥಿತಿ ಎಂದು ಹೇಳಬಹುದಿತ್ತು. ಕಾರ್ಯದರ್ಶಿಗಳಿಗೆ ಆಗುವುದಿಲ್ಲ ಅನ್ನಬಹುದಿತ್ತು. ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡು ಓಡಾಡುವ ನಾನು, ಹಾಲಿನವನ ಹತ್ತಿರ, ಬಸ್ ಕಂಡಕ್ಟರನ ಹತ್ತಿರ ನ್ಯಾಯಕ್ಕಾಗಿ ಕೂಗಾಡುವ ನಾನು, ಅವತ್ತು ಸಂಜೆಯೆಲ್ಲ ಅಡುಗೆಮನೆಯಲ್ಲಿ ಕೋಸಂಬರಿಗೆ ಎಷ್ಟು ಬೇಳೆ ಬೇಕು ಎಂದು ಚರ್ಚೆ ಮಾಡಿದೆ. ಗುರುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಕರಿಹಲಗೆಯ ಹತ್ತಿರ ಹೋದೆ. ಹತ್ತೊಂಬತ್ತರ ಮುಂದೆ ಚುಕ್ಕೆ ಇಟ್ಟೆ, ಇಪ್ಪತ್ತರ ಕೆಳಗೆ ಗೆರೆ ಎಳೆದೆ. ಗೆರೆ ನೇರವಾಗಿಯೇ ಬಂತು. ಅದನ್ನು ನೆನೆದರೆ ಈಗ ಹೆಚ್ಚು ನಾಚಿಕೆಯಾಗುತ್ತದೆ.

ಅವಳು ತಲೆಗೆ ಸ್ನಾನ ಮಾಡಿ, ಗೆಳತಿಯ ಹತ್ತಿರ ಕಡ ತಂದ ಹಸಿರು ಸೀರೆ ಉಟ್ಟು, ಕನಕಾಂಬರ ಮುಡಿದು ಬಂದಳು. ಕರಿಹಲಗೆಯ ಮುಂದೆ ನಿಂತವಳು ಅಲ್ಲೇ ನಿಂತುಬಿಟ್ಟಳು. ಹಿಂದೆ ಬರುತ್ತಿದ್ದ ಹುಡುಗಿಯರು ಚುಕ್ಕೆ ನೋಡಿದರು, ಅವಳ ಸೀರೆ ನೋಡಿದರು, ಏನೂ ಅನ್ನದೆ ಪಕ್ಕದಿಂದ ಒಳಗೆ ಹೋದರು. ಅವಳು ಸೀದಾ ನನ್ನ ಹತ್ತಿರ ಬಂದಳು.

"ಮೇಡಂ, ನನ್ನ ನಂಬರ್ ಮುಂದೆ ಚುಕ್ಕೆ ಐತೆ."

"ಹೂಂ."

"ನಾನಿಟ್ಟಿದ್ದಲ್ಲ."

ಯಾರೋ ತಪ್ಪಾಗಿ ಇಟ್ಟಿರಬೇಕು ಎಂದು ಹೇಳಲು ತಯಾರಾಗಿಯೇ ನಿಂತಿದ್ದೆ. ನಾಲಿಗೆ ಹೊರಳಲಿಲ್ಲ. "ಇವತ್ತೊಂದಿನ ಸುಮ್ಮನಿರು. ಆಮೇಲೆ ಮಾತಾಡೋಣ" ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಗಣಿತದ ತಲೆ, ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಇವತ್ತು ಪಟೇಲ್ರು ಬರ್ತಾರಲ್ವಾ?"

ನಾನು ಬೆರಳಿಗಂಟಿದ್ದ ಸುಣ್ಣವನ್ನು ಸೆರಗಿಗೆ ಒರೆಸಿಕೊಂಡೆ.

"ಸರಿ ಮೇಡಂ" ಅಂದು ಮುಡಿಯಿಂದ ಹೂವು ತೆಗೆದಳು. ತನ್ನ ಕೋಣೆಗೆ ಹೋಗಿ ಮಲಗುತ್ತಾಳೆ, ಎರಡು ದಿನ ಮುನಿಸಿಕೊಂಡಿರುತ್ತಾಳೆ ಅಂತ ನಾನು ಅಂದುಕೊಂಡಿದ್ದೆ. ಅವಳು ಹಾಗೆ ಮಾಡಲಿಲ್ಲ. ಅಂಗಳ ದಾಟಿ ಹಿಂದಿನ ಕೋಣೆಗೆ ಹೋಗಿ, ಚಾಪೆ ಬಿಡಿಸಿ, ಗೋಡೆಯ ಕಡೆಗೆ ಮುಖ ಮಾಡಿ ಕೂತಳು. ಚುಕ್ಕೆ ಬಿದ್ದವಳ ಜಾಗ ಅದೇ ತಾನೆ. ನಮ್ಮ ನಿಯಮವನ್ನು ಅವಳು ಅಕ್ಷರ ತಪ್ಪದೆ ಪಾಲಿಸಿದಳು. ಪ್ರಾರ್ಥನಾ ಮಂದಿರದಲ್ಲಿ ಇಪ್ಪತ್ತನೇ ನಂಬರಿನವಳು ತಡವರಿಸುತ್ತಾ ವಚನ ಹಾಡಿದಳು. ಅವಳು ಅಭ್ಯಾಸ ಮಾಡಿರಲಿಲ್ಲ, ಪಾಪ.

ಹನ್ನೊಂದು ಗಂಟೆಯ ಹೊತ್ತಿಗೆ ತಾಯಿ ಬಂದಳು. ಕಾರ್ಖಾನೆಯಲ್ಲಿ ಅರ್ಧ ದಿನ ರಜೆ ಕೇಳಿಕೊಂಡು, ಎಣ್ಣೆ ಹಚ್ಚಿ ತಲೆ ಬಾಚಿ, ಕೈಚೀಲದಲ್ಲಿ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಬಂದಿದ್ದಳು. ಗೇಟಿನಲ್ಲಿ ಯಾರೋ ಹುಡುಗಿ ನಿಮ್ಮ ಮಗಳು ಹೊರಗಾಗಿದ್ದಾಳೆ, ಹಿಂದಿನ ಕೋಣೆಯಲ್ಲಿದ್ದಾಳೆ ಎಂದು ಹೇಳಿ ಕಳಿಸಿದ್ದಳು. ಮಗಳನ್ನು ನೋಡಿಕೊಂಡು ನಾನಿದ್ದ ಅಡುಗೆಮನೆ ಜಗಲಿಗೆ ಬಂದಾಗ ಅವಳ ಮುಖ ಇಳಿದುಹೋಗಿತ್ತು. ಸರದಿ ತಪ್ಪಿದ ಬೇಜಾರು ಅಂದುಕೊಂಡೆ.

"ಅಮ್ಮಾರೆ, ಮಗ ಮುಟ್ಟಾಗವ್ಳಂತೆ?"

"ಹೌದಂತೆ" ಅಂದೆ. ಅವತ್ತು ಬಾಯಿಬಿಟ್ಟು ಹೇಳಿದ ಮೊದಲ ಸುಳ್ಳು ಅದು.

"ಅದೆಂಗಾಯ್ತದೆ ಅಮ್ಮಾರೆ? ಓದ್ ಭಾನ್ವಾರದ ಇಂದಿನ್ ಭಾನ್ವಾರ ಮನೇಗ್ ಬಂದಿದ್ಲಲ್ಲ, ಅವತ್ತೇ ಮುಟ್ಟಾಗಿದ್ಲು. ಇವತ್ಗಿನ್ನೂ ಅನ್ನೊಂದ್ ದಿನ." ಅವಳು ಬೆರಳು ಮಡಿಸಿ ಎಣಿಸಿ ತೋರಿಸಿದಳು. "ಕೇಳುದ್ರೆ ಬಾಯೇ ಬಿಡಾಕಿಲ್ಲ ಅಂತಾಳೆ. ಗ್ವಾಡೆ ಕಡೀಕ್ ಮಕ ಮಾಡ್ಕಂಡ್ ಕುಂತವ್ಳೆ. ನನ್ ತಂಗೀಗೂ ಇಂಗೇ ಸುರುವಾಗಿದ್ದು. ಮೊದ್ಲು ಅದಿನೈದ್ ದಿನುಕ್ಕೆ, ಆಮೇಲ್ ವಾರುಕ್ಕೆ. ದೊಡ್ಡಾಸ್ಪತ್ರೆಗ್ ಸೇರ್ಸೋ ವೊತ್ಗೆ ಮೈನಾಗೆ ರಕ್ತಾನೇ ಇರ್ನಿಲ್ಲ."

ನನ್ನ ಕೈಯಲ್ಲಿದ್ದ ಸೌಟು ಕೈಯಲ್ಲೇ ಉಳಿಯಿತು. ಗಂಡಸರಿಗೆ ಹೇಳಿ ನುಣುಚಿಕೊಳ್ಳಬಹುದಾದ ಸುಳ್ಳನ್ನು ನಾನು ಒಬ್ಬ ತಾಯಿಯ ಮುಂದೆ ಇಟ್ಟಿದ್ದೆ. ತಾಯಿಯಾದವಳು ಮಗಳ ತಿಂಗಳ ದಿನಗಳನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿರುತ್ತಾಳೆ ಎಂಬುದು, ನಾನೂ ಒಬ್ಬ ತಾಯಿಯ ಮಗಳಾಗಿ, ನನಗೆ ಹೊಳೆದಿರಲಿಲ್ಲ.

"ಓದೀ ಓದೀ ಮೈ ಕೆಟ್ಟೋಗೈತೆ ಅಮ್ಮಾರೆ. ಇವತ್ತೇ ಕರ್ಕಂಡೋಯ್ತೀನಿ. ಅವ್ಳ್ ಪೆಟ್ಗೆ ಕೊಡ್ಸಿ."

"ಸೋಮವಾರ ಪ್ರಾಕ್ಟಿಕಲ್ ಪರೀಕ್ಷೆ ಇದೆ. ಈಗ ಹೋದ್ರೆ ಈ ವರ್ಷ ಹೋದಂಗೆ."

"ಓಗ್ಲಿ ಬುಡಿ. ಜೀವ ಇದ್ರೆ ಬರದಾಳು ಮುಂದಿನ್ ವರ್ಸ."

ಮುಂದಿನ ವರ್ಷ ಅಂಥ ಮನೆಯ ಹುಡುಗಿಗೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಾಗೆ ಹೋಗಿ ತಿರುಗಿ ಬಾರದವರನ್ನು ನಾನೇ ನೋಡಿದ್ದೆ. ನಾನಿಟ್ಟ ಚುಕ್ಕೆ ಅವಳ ಒಂದು ಹೊತ್ತಿನ ಸರದಿಯನ್ನಲ್ಲ, ಮೂರು ವರ್ಷದ ಓದನ್ನೇ ನುಂಗಲು ಹೊರಟಿತ್ತು. ಅಲ್ಲೇ ಆ ಕ್ಷಣವೇ ಹೇಳಬೇಕಾಗಿತ್ತು. ಅಷ್ಟರಲ್ಲಿ ಗೇಟಿನ ಹತ್ತಿರ ಕಾರು ನಿಂತ ಸದ್ದಾಯಿತು. "ಊಟ ಆಗೋ ತನಕ ಇರಿ, ಅತಿಥಿಗಳು ಹೋಗ್ಲಿ" ಎಂದು ಅವಳನ್ನು ಹಿಂದಿನ ಕೋಣೆಗೆ ಕಳಿಸಿ, ಸೆರಗು ಸರಿಮಾಡಿಕೊಂಡು ಓಡಿದೆ.

ಕಮಿಟಿಯಲ್ಲಿ ಮೂವರಿದ್ದರು, ಇಬ್ಬರು ಗಂಡಸರು, ಒಬ್ಬರು ಹಿರಿಯ ಪ್ರೊಫೆಸರಮ್ಮ. ಕಾರ್ಯದರ್ಶಿಗಳು ಅವರಿಗೆ ಲ್ಯಾಬು, ಲೈಬ್ರರಿ ಎಲ್ಲ ತೋರಿಸಿ ಕೊನೆಗೆ ಊಟದ ಮನೆಯ ಬಾಗಿಲಿಗೆ ಕರೆತಂದರು. ಪಟೇಲರೂ ಜೊತೆಯಲ್ಲಿದ್ದರು. ಎತ್ತರದ ಆಳು, ಬಿಳಿ ಪಂಚೆ, ಮಾತು ಕಡಿಮೆ.

"ಕಟ್ಟಡ ನೋಡಿದ್ರೆ ನಮ್ಮದು ಏನೂ ಅಲ್ಲ" ಎಂದರು ಕಾರ್ಯದರ್ಶಿಗಳು. ಅವರ ದನಿ ನಿಜವಾಗಿ ಗದ್ಗದವಾಗಿತ್ತು. "ಮಠದ ಕಾಲೇಜು ಅಂದ್ರೆ ಏನು, ಬೇರೆ ಕಾಲೇಜಿಗೂ ಇದಕ್ಕೂ ಏನ್ ವ್ಯತ್ಯಾಸ ಅಂತ ಕೇಳಿದ್ರೆ ನಾವು ಈ ಬೋರ್ಡ್ ತೋರಿಸ್ತೀವಿ. ಇಲ್ಲಿ ಜಾತಿ ಇಲ್ಲ, ಮೇಲು ಕೀಳು ಇಲ್ಲ. ನಂಬರ್ ಬಂದೋರು ದೀಪ ಹಚ್ತಾರೆ, ನಂಬರ್ ಬಂದೋರು ಬಡಿಸ್ತಾರೆ. ನಾಳೆ ನಾ‍ವು ವಿಶ್ವವಿದ್ಯಾಲಯವೇ ಆದ್ರೂ ಬಾಗಿಲಲ್ಲಿ ಇದೇ ಬೋರ್ಡ್ ಇರುತ್ತೆ."

ಗಂಡಸರಿಬ್ಬರೂ ತಲೆದೂಗಿದರು. ಒಬ್ಬರು ಬರೆದುಕೊಂಡರು. ಪ್ರೊಫೆಸರಮ್ಮ ಹತ್ತಿರ ಹೋಗಿ ಹಲಗೆ ನೋಡಿದರು.

"ಈ ಚುಕ್ಕೆ ಏನು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರನ್ನು ಕೇಳಿದರೆಂದು ಗೊತ್ತಾಗುವ ಮೊದಲೇ ನಾನು ಉತ್ತರ ಕೊಟ್ಟುಬಿಟ್ಟಿದ್ದೆ. "ರಜೆಯಲ್ಲಿರೋರದ್ದು, ಮೇಡಂ."

ಅವರು ನನ್ನನ್ನೊಮ್ಮೆ ನೋಡಿದರು. ಹೆಣ್ಣುಮಕ್ಕಳ ಹಾಸ್ಟೆಲಿನ ಬಾಗಿಲಲ್ಲಿ ಇರುವ ಚುಕ್ಕೆಯನ್ನು ಇನ್ನೊಬ್ಬ ಹೆಂಗಸು ಓದಲಾರಳೇ? "ಶರಣರ ಮಠ ಅಲ್ವಾ ಇದು?" ಎಂದು ಮಾತ್ರ ಕೇಳಿದರು. ಹೌದು ಎಂದೆ. ಒಳಗೆ ಹೋಗಿ ಕೂತರು.

ಗಂಟೆ ಬಾರಿಸಿದರು. ಮೊದಲನೇ ಎಲೆಯ ಮುಂದೆ ಪಟೇಲರು, ಎರಡನೆಯದಕ್ಕೆ ಪ್ರೊಫೆಸರಮ್ಮ, ಆಮೇಲೆ ಉಳಿದವರು, ಎದುರು ಸಾಲಿನಲ್ಲಿ ಹುಡುಗಿಯರು. ಇಪ್ಪತ್ತನೇ ನಂಬರಿನವಳು ಪಟೇಲರ ಎಲೆಗೆ ಅನ್ನ ಬಡಿಸಿದಳು. ಎಲ್ಲರೂ ಕೈಯಿಟ್ಟರು. ಹುಳಿ ಬಂತು, ಪಲ್ಯ ಬಂತು, ಪಾಯಸ ಬಂತು. ಪಾಯಸದ ಹೊತ್ತಿಗೆ ಪಟೇಲರು ಗಂಟಲು ಸರಿಮಾಡಿಕೊಂಡು ಆರು ಎಕರೆಯ ಮಾತು ಆಡಿದರು. ಕಾರ್ಯದರ್ಶಿಗಳು ಕಣ್ಣೊರೆಸಿಕೊಂಡರು. ಕೆಲಸ ಕೈಗೂಡಿತ್ತು. ಅವರು ದೂರದಿಂದಲೇ ನನ್ನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದರು. ನಾನು ಅಡುಗೆಮನೆಯ ಕಡೆ ತಿರುಗಿದೆ.

ಎರಡು ಎಲೆಗೆ ಊಟ ಹಾಕಿಸಿಕೊಂಡು ಹಿಂದಿನ ಕೋಣೆಗೆ ಹೋದೆ. ತಾಯಿ ಆಗಲೇ ಮಗಳ ತಗಡಿನ ಪೆಟ್ಟಿಗೆಗೆ ಹಗ್ಗ ಬಿಗಿದು ಮುಗಿಸಿದ್ದಳು. ಹುಡುಗಿ ಗೋಡೆಯ ಕಡೆಗೇ ತಿರುಗಿ ಕೂತಿದ್ದಳು. ನಿಜ ಹೇಳಲು ಅವಳಿಗೇನು ಅಡ್ಡಿಯಿತ್ತು? ಒಂದು ಮಾತು ಹೇಳಿದ್ದರೆ ತಾಯಿಯ ಭಯ ಹೋಗುತ್ತಿತ್ತು. ಆದರೆ ಸುಳ್ಳು ಅವಳದ್ದಲ್ಲ, ನನ್ನದು. ನಾನು ಬಿಚ್ಚಲಿ ಎಂದು ಕಾಯುತ್ತಿದ್ದಳು. ಓದು ಹೋದರೂ ಸರಿ, ಕಾಯುತ್ತಿದ್ದಳು.

ಎಲೆ ಕೆಳಗಿಟ್ಟು, ನಿಂತೇ ಹೇಳಿದೆ. "ನಿಮ್ಮ ಮಗಳಿಗೆ ಏನೂ ಆಗಿಲ್ಲ. ಅವಳು ಮುಟ್ಟಾಗಿಲ್ಲ. ಚುಕ್ಕೆ ಇಟ್ಟವಳು ನಾನು. ನಿಮ್ಮೂರ ಪಟೇಲರು ಮೊದಲನೇ ಎಲೆಗೆ ಕೂರ್ತಾರೆ, ಇವಳ ಕೈಯಿಂದ ಬಡಿಸಿದ್ರೆ ಉಣ್ಣಲ್ಲ ಅಂತ, ಇವಳ ಸರದಿ ತಪ್ಪಿಸೋಕೆ ನಾನೇ ಸುಳ್ಳು ಬರೆದೆ."

ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಅಷ್ಟೇನಾ ಅಮ್ಮಾರೆ?" ಎಂದಳು ಆ ತಾಯಿ. ಎದೆಯ ಮೇಲೆ ಕೈಯಿಟ್ಟುಕೊಂಡು ಉಸಿರು ಬಿಟ್ಟಳು. "ಕಾಯ್ಲೆ ಏನಿಲ್ವಾ? ಸದ್ಯ, ದ್ಯಾವ್ರು ದೊಡ್ಡೋನು. ನಾನೆಲ್ ನಮ್ ತಂಗಿ ತರ ಆಗೋಯ್ತೋ ಅಂತ." ನಗುತ್ತಾ ಪೆಟ್ಟಿಗೆಯ ಹಗ್ಗ ಬಿಚ್ಚತೊಡಗಿದಳು. "ಅಷ್ಟುಕ್ಕ್ಯಾಕೆ ನೀವು ಕಣ್ಣಾಗ್ ನೀರಾಕ್ತೀರಿ? ನಮ್ಗೇನ್ ಒಸದಾ ಇದು?"

ಸೋಮವಾರ ಹುಡುಗಿ ಪರೀಕ್ಷೆ ಬರೆದಳು, ಪಾಸೂ ಆದಳು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಆದರೆ ಆ ಕ್ಷಣದಲ್ಲಿ ಆ ತಾಯಿಯ ನೆಮ್ಮದಿ ನನ್ನನ್ನು ಸುಟ್ಟಿತು. ನಾನು ಮಾಡಿದ್ದು ಅವಳಿಗೆ ತಪ್ಪು ಅಂತಲೂ ಕಾಣಲಿಲ್ಲ, ಮಳೆ ಬಿಸಿಲಿನ ಹಾಗೆ ದಿನಾ ಬರುವ ಸಂಗತಿ. ಈ ಕಾಲೇಜು ಹುಟ್ಟಿದ್ದೇ ಇದು ದಿನಾ ಬರಬಾರದು ಅಂತ.

ಊಟದ ಮನೆಗೆ ಹೇಗೆ ಹೋದೆನೋ ಗೊತ್ತಿಲ್ಲ. ಎರಡನೇ ಸಲದ ಅನ್ನ ಬಡಿಸಿ ಆಗಿತ್ತು, ಮಜ್ಜಿಗೆಗೆ ಎಲ್ಲರೂ ಕಾಯುತ್ತಿದ್ದರು. ಪ್ರೊಫೆಸರಮ್ಮನ ಎದುರು ನಿಂತು, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ. "ಮೇಡಂ, ನೀವು ಕೇಳಿದ ಚುಕ್ಕೆ ರಜೆಯದ್ದಲ್ಲ. ಇವತ್ತು ಬಡಿಸಬೇಕಾಗಿದ್ದ ಹುಡುಗಿ ಪಟೇಲರ ಊರಿನ ಕೇರಿಯವಳು. ಅವಳು ಬಡಿಸಿದ್ರೆ ಪಟೇಲರು ಎದ್ದುಹೋಗ್ತಾರೆ ಅಂತ ಹೆದರಿ, ಅವಳು ಹೊರಗಾಗಿದ್ದಾಳೆ ಅಂತ ಚುಕ್ಕೆ ಇಟ್ಟೆ. ಅವಳು ಹಿಂದಿನ ಕೋಣೆಯಲ್ಲಿದ್ದಾಳೆ."

ಕಾರ್ಯದರ್ಶಿಗಳ ಹೆಸರು ನಾನು ಎತ್ತಲಿಲ್ಲ. ಅದು ದೊಡ್ಡತನವೋ, ಮೇಜಿನ ಮೇಲಿದ್ದ ಕಾಗದದ ಆಸೆಯೋ, ನನಗೇ ಇವತ್ತಿಗೂ ಗೊತ್ತಿಲ್ಲ. ಅವರು ತಲೆ ಬಗ್ಗಿಸಿ ತಮ್ಮ ಎಲೆಯನ್ನು ನೋಡುತ್ತಿದ್ದರು. ಎಲ್ಲರೂ ಪಟೇಲರನ್ನು ನೋಡಿದರು.

ಪಟೇಲರು ನಿಧಾನವಾಗಿ ಮುಖ ಎತ್ತಿದರು. "ಅಂಗಂತ ನಾನು ಯಾವತ್ ಅಂದೆ ಮೇಡಮ್ನೋರೆ?"

ಎಲೆಯಿಂದ ಕೈ ತೆಗೆದು ಅವರು ನನ್ನನ್ನೇ ನೋಡಿದರು.

"ಯಾರಾರ ಬಂದು ನನ್ನ ಒಂದ್ ಮಾತು ಕೇಳುದ್ರಾ? ನಾನ್ ಉಣ್ತೀನೋ ಬುಡ್ತೀನೋ, ನೀವ್ ನೀವೇ ತೀರ್ಮಾನ ಮಾಡ್ಕಂಡ್ರಿ."

ನಿಜ, ಯಾರೂ ಕೇಳಿರಲಿಲ್ಲ. ಹಾಗೆಂದು ಅವರು ಉಣ್ಣುತ್ತಿದ್ದರು ಅಂತಲೂ ನಾನು ಆಣೆ ಮಾಡಿ ಹೇಳಲಾರೆ. ಉಂಡು ತೇಗಿದ ಮೇಲೆ ಆಡುವ ಮಾತು ಸುಲಭ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಬಿಡ ಅನ್ನುವ ಗಾದೆಯನ್ನು ಎಷ್ಟೋ ಜನರ ಮೇಲೆ ಹೇಳಿ ನಕ್ಕಿದ್ದ ನನಗೆ, ಅವತ್ತು ಆ ಪೂಜಾರಿ ಯಾರೆಂದು ತಿಳಿಯಿತು. ಅವರು ಬೇಡ ಅನ್ನುವ ಮೊದಲೇ, ಓದಿದ ನಾವು, ಅವರ ಪರವಾಗಿ ಬೇಡ ಅಂದಿದ್ದೆವು.

"ಕರೀರಿ ಆ ಮಗೂನ" ಎಂದರು ಪಟೇಲರು. "ಮಜ್ಜಿಗೆ ಅವ್ಳೇ ಬಡುಸ್ಲಿ. ಉಣ್ತೀನಿ."

ಸಾಲಿನ ಉದ್ದಕ್ಕೂ ಉಸಿರು ಬಿಟ್ಟ ಸದ್ದು ಕೇಳಿಸಿತು. ಕಾರ್ಯದರ್ಶಿಗಳ ಮುಖಕ್ಕೆ ಬಣ್ಣ ಬಂತು. ನಾನು ಓಡಿದೆ. ನಿಜವಾಗಿ ಓಡಿದೆ, ಅಂಗಳದಲ್ಲಿ ಸೀರೆ ಕಾಲಿಗೆ ಸಿಕ್ಕಿ ಮುಗ್ಗರಿಸಿದೆ. ಎಲ್ಲ ಸರಿಹೋಯಿತು ಅಂತಲೇ ನನ್ನ ಎಣಿಕೆ.

"ಬಾ, ಬೇಗ ಬಾ" ಅಂದೆ. "ಎಲ್ಲರ ಮುಂದೆ ಹೇಳಿಬಿಟ್ಟೆ. ಪಟೇಲರೇ ಕರೀತಾ ಇದ್ದಾರೆ. ನಿನ್ನ ಕೈಯಿಂದಲೇ ಮಜ್ಜಿಗೆ ಹಾಕಿಸ್ಕೋತಾರಂತೆ."

ತಾಯಿ ತಟಕ್ಕನೆ ಎದ್ದಳು. "ಪಟೇಲ್ರೇ ಕರುದ್ರಾ? ಏಳೇ ಮಗಾ, ಸೆರ್ಗ್ ಸರ್ಮಾಡ್ಕ. ನಾನ್ ಬಾಗ್ಲಾಗ್ ನಿಂತ್ಕಂಡ್ ನೋಡ್ತೀನಿ."

ಹುಡುಗಿ ಮೊದಲ ಸಲ ಗೋಡೆಯಿಂದ ಈ ಕಡೆ ತಿರುಗಿದಳು. ಕಣ್ಣಲ್ಲಿ ಅತ್ತ ಗುರುತು ಇರಲಿಲ್ಲ.

"ಬರಲ್ಲ ಮೇಡಂ."

"ಯಾಕೆ? ಈಗ ಯಾರೂ ಬೇಡ ಅಂತಿಲ್ವಲ್ಲ."

"ಬೆಳಿಗ್ಗೆ ನನ್ನ ನಂಬರ್ ಇತ್ತು. ಅದು ನಂದು. ಈಗ ಬಂದ್ರೆ ಅವರು ಕರೆದ್ರು ಅಂತ ಬಂದಂಗಾಯ್ತದೆ, ನೀವು ಕೊಡ್ಸಿದ್ರಿ ಅಂತ ಬಂದಂಗಾಯ್ತದೆ. ನನ್ನ ನಂಬರ್ಗೆ ಬಂದಂಗಾಗಲ್ಲ."

"ಮೇಡಮ್ಮಾರ್ಗೆ ಇಂಗೆಲ್ಲ ಎದ್ರು ಮಾತಾಡ್ತಾರೇನೇ?" ತಾಯಿ ಗದರಿದಳು. ಆಮೇಲೆ ದನಿ ಇಳಿಸಿ, "ನಾನ್ ನೋಡ್ಬೇಕು ಅಂತ ಬಂದಿದ್ನಲ್ಲ ಮಗಾ" ಅಂದಳು.

ಹುಡುಗಿ ಒಂದು ಕೈ ನೆಲಕ್ಕೆ ಊರಿದಳು. ಎದ್ದೇಬಿಡುತ್ತಾಳೆ ಅಂದುಕೊಂಡೆ. ಅವಳು ತಾಯಿಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ನಾನು ತಂದಿಟ್ಟಿದ್ದ ಎರಡು ಎಲೆಗಳಲ್ಲಿ ಒಂದನ್ನು ತಾಯಿಯ ಮುಂದೆ ಎಳೆದು, ಅನ್ನ ಕಲಸಿ ಕೊಟ್ಟಳು. "ನೀನ್ ಉಣ್ಣವ್ವ, ತಣ್ಣಗಾಯ್ತು."

ನನಗೆ ಅವಳ ಮೇಲೆ ಕೆಟ್ಟ ಸಿಟ್ಟು ಬಂತು. ಎಲ್ಲರ ಎದುರು ಮಾನ ಕಳೆದುಕೊಂಡು ಬಂದಿದ್ದೇನೆ, ಇಪ್ಪತ್ತು ವರ್ಷದ ಹುಡುಗಿ, ನನಗೆ ಸರಿಮಾಡಿಕೊಳ್ಳುವ ಒಂದು ದಾರಿಯನ್ನೂ ಬಿಡುತ್ತಿಲ್ಲವಲ್ಲ ಅಂತ. ಆ ಸಿಟ್ಟು ಇಳಿಯಲು ವರ್ಷಗಳೇ ಹಿಡಿದವು.

"ಅಲ್ಲಿ ಎಲ್ಲರೂ ಕಾಯ್ತಾ ಇದ್ದಾರೆ. ಹೋಗಿ ಏನಂತ ಹೇಳ್ಲಿ?" ಅಂದೆ.

"ಬರಲ್ಲ ಅಂದ್ಲು ಅಂತ ಹೇಳಿ ಮೇಡಂ." ಅವಳು ತಾಯಿಗೆ ಇನ್ನೊಂದು ತುತ್ತು ಕಲಸುತ್ತಿದ್ದಳು, ನನ್ನ ಕಡೆ ನೋಡಲಿಲ್ಲ. "ಹುಷಾರಿಲ್ಲ ಅಂತ ಮಾತ್ರ ಹೇಳ್ಬೇಡಿ."